ಮನೆಯ ಬೀರೂ ಸರಕಾರದ ಸುಂಕವೂ

ಅಮೆರಿಕೆಯಲ್ಲಿ ಪಾನನಿಷೇಧವು 1933ರಲ್ಲಿ ರದ್ದಾದ ಬಳಿಕ, ಮನೆಬಳಕೆಗೆಂದು ದ್ರಾಕ್ಷಾರಸವನ್ನು ಹುದುಗಿಸಲು ಸರಕಾರವು ಸಮ್ಮತಿಸಿತು. ಬೀರಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ಅಂಗಡಿಯಲ್ಲಿ ಸುಂಕ ತೆತ್ತ ಬೀರು ರಾಜಾರೋಷವಾಗಿ ಮಾರಾಟವಾಗುತ್ತಿರಲು, ಅದನ್ನೇ ಅಡಿಗೆಮನೆಯಲ್ಲಿ ಮಾಡಿದವನು ಅಪರಾಧಿ! ಪಾನದ ಕೆಡುಕನ್ನು ನಾವು ಅಲ್ಲಗಳೆಯೆವು. ಆದರೆ ಇಂತಹ ಕಾಯಿದೆಯು ಯಾವ ಕುಡುಕನನ್ನು ತಿದ್ದೀತು? ಅದು ಕಾಯ್ದುದು ಬೊಕ್ಕಸವನ್ನೇ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ಅಂಕಿತ ಹಾಕಿದ ಮೇಲೆ, ಇಬ್ಬರು ವಯಸ್ಕರುಳ್ಳ ಮನೆಗೆ ವರ್ಷಕ್ಕೆ 200 ಗ್ಯಾಲನ್ನಿನವರೆಗೆ ಸುಂಕ ಮಾಫಿಯಾಯಿತು, ಮಾರತಕ್ಕದ್ದಲ್ಲ. ಮಿಸಿಸಿಪ್ಪಿ, ಅಲಬಾಮಾ ಸಂಸ್ಥಾನಗಳಾದರೋ ತಮ್ಮ ನಿಷೇಧವನ್ನು 2013ರವರೆಗೂ ಬಿಡಲಿಲ್ಲ.

ಹವ್ಯಾಸಿಯು ಕಲಿಯತಕ್ಕ ವಿದ್ಯೆ ಕಠಿಣವಲ್ಲ. ಮೊಳೆಯಿಸಿ ಒಣಗಿಸಿದ ಜವೆಗೋದಿಯನ್ನು ಒಡೆದು, ಸುಮಾರು 65 ಡಿಗ್ರಿ ಸೆಂಟಿಗ್ರೇಡಿನ ನೀರಿನಲ್ಲಿ ಒಂದು ಗಂಟೆ ಇರಿಸಿದರೆ ಪಿಷ್ಟವು ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಕಹಿಗಾಗಿ ಹಾಪ್ಸ್ ಹೂಗಳೊಡನೆ ಕುದಿಸಿ, ಆರಿಸಿ, ಯೀಸ್ಟನ್ನು ಬೆರೆಸುವುದು. ಆರಿದ ರಸಕ್ಕೆ ತಗಲುವ ಪಾತ್ರೆ, ಕೊಳವೆ, ಕೈ ಎಲ್ಲವೂ ಶುದ್ಧವಾಗಿರಬೇಕು. ನಮ್ಮ ಅಜ್ಜಿಯರ ಮಡಿಯೂ ಇದರ ಮುಂದೆ ಸಡಿಲವೇ. ಇಲ್ಲವಾದರೆ ರಸವು ಹುಳಿತು ಕೆಡುವುದು. ಹುದುಗುವಿಕೆಯು ಪೂರೈಸುವ ಮುನ್ನವೇ ಬಾಟಲಿಗೆ ತುಂಬಿ ಬಿರಡೆ ಬಿಗಿದ ಆತುರಗಾರನಿಗೆ ಮಧ್ಯರಾತ್ರಿಯಲ್ಲಿ ಬಾಟಲಿ ಸಿಡಿದ ಸದ್ದು ಕೇಳಿಸುವುದೂ ಉಂಟು.