ಮಾಲ್ಟಾಕ್ಕೆ ಬಾಣಂತನಕ್ಕೆ ಹೊರಟಿರಾ?

“ಮಗಳು ಮಾಲ್ಟಾದಲ್ಲಿದ್ದಾಳೆ” ಎಂದರೆ ಪಕ್ಕದ ಮನೆಯವರು “ಮಾಲ್ಡೀವ್ಸಾ? ಹತ್ತಿರವೇ ಆಯ್ತಲ್ಲ!” ಅಂದುಬಿಡುತ್ತಾರೆ. ಹತ್ತಿರವಲ್ಲ ಕಣ್ರೀ. ಮಾಲ್ಟಾ ಇರುವುದು ಇಟಲಿಯ ಕಾಲ ಕೆಳಗೆ, ಮೆಡಿಟರೇನಿಯನ್ ಸಮುದ್ರದ ನಟ್ಟನಡುವೆ. ಸಿಸಿಲಿಯಿಂದ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರ್. ಮಾಲ್ಟಾ, ಗೋಝೋ, ಪುಟ್ಟ ಕೊಮಿನೋ, ಎಲ್ಲ ಸೇರಿಸಿದರೂ 316 ಚದರ ಕಿಲೋಮೀಟರ್. ನಮ್ಮ ಬೆಂಗಳೂರು ಮಹಾನಗರದ ಅರ್ಧದಷ್ಟೂ ಇಲ್ಲ! ಅಷ್ಟರಲ್ಲೇ ಐದು ಲಕ್ಷಕ್ಕೂ ಹೆಚ್ಚು ಜನ. ಆಸ್ಪತ್ರೆ, ಹೋಟೆಲು, ವೃದ್ಧರ ಆರೈಕೆಯ ಮನೆಗಳಲ್ಲಿ ಕೆಲಸಕ್ಕೆಂದು ನಮ್ಮ ದೇಶದ ಹೆಣ್ಣುಮಕ್ಕಳು ಈಗ ಅಲ್ಲಿಗೆ ಹೋಗಿ ನೆಲೆಸುತ್ತಿದ್ದಾರೆ. ಅವರಿಗೆ ದಿನ ತುಂಬಿದಾಗ ಊರಿನಿಂದ ಅಮ್ಮ ಹೊರಡಬೇಕಾಗುತ್ತದೆ. ಈ ಮಾತುಗಳು ಆ ಅಮ್ಮಂದಿರಿಗೆ.

ಮೊಟ್ಟಮೊದಲು ಕ್ಯಾಲೆಂಡರ್ ಕೈಗೆ ತೆಗೆದುಕೊಳ್ಳಿ. ನಮ್ಮಲ್ಲಿ ಬಾಣಂತನವೆಂದರೆ ಮೂರು ತಿಂಗಳು, ಮನಸ್ಸು ಬಂದರೆ ಐದು. ಅಲ್ಲಿ ಹಾಗಿಲ್ಲ. ಮಾಲ್ಟಾ 2004ರಲ್ಲಿ ಐರೋಪ್ಯ ಒಕ್ಕೂಟಕ್ಕೂ 2007ರ ಕೊನೆಯಲ್ಲಿ ಷೆಂಗೆನ್ ವಲಯಕ್ಕೂ ಸೇರಿತು. ನೋಡಿ ಬರಲು ಹೋಗುವವರಿಗೆ ಸಿಗುವ ಷೆಂಗೆನ್ ವೀಸಾದಲ್ಲಿ 180 ದಿನಗಳ ಅವಧಿಯೊಳಗೆ ಹೆಚ್ಚೆಂದರೆ 90 ದಿನ ಇರಬಹುದು. ವೀಸಾ ಚೀಟಿಯಲ್ಲಿ ಅದಕ್ಕಿಂತ ಕಡಿಮೆ ದಿನ ಬರೆದಿದ್ದರೆ ಅಷ್ಟೇ. ಇಳಿದ ದಿನವೂ ಲೆಕ್ಕ, ಹೊರಟ ದಿನವೂ ಲೆಕ್ಕ. “ಮೂರು ತಿಂಗಳು ಅಂದರೆ ಮೂರು ತಿಂಗಳು” ಎಂದುಕೊಂಡು ಟಿಕೆಟ್ ತೆಗೆಸಬೇಡಿ. 31 ದಿನಗಳ ತಿಂಗಳು ಎರಡು ಬಂದರೆ ಸಾಕು, 90 ದಾಟಿಬಿಡುತ್ತದೆ. 2025ರ ಅಕ್ಟೋಬರ್ 12ರಿಂದ ಬೆರಳಚ್ಚು, ಮುಖದ ಫೋಟೋ ತೆಗೆದುಕೊಂಡು ಯಂತ್ರವೇ ಬಂದ ದಿನ, ಹೋದ ದಿನ ಗುರುತು ಹಾಕಿಕೊಳ್ಳುವ ಏರ್ಪಾಡನ್ನೂ ಶುರುಮಾಡಿದ್ದಾರೆ. ಒಂದು ದಿನ ಮೀರಿದರೂ ಮುಂದಿನ ವೀಸಾಕ್ಕೆ ಕಲ್ಲು ಬಿದ್ದಂತೆ.

ಹಾಗಾದರೆ ಹೆರಿಗೆಗೆ ಮುಂಚೆ ಹೋಗುವುದೋ, ಆಮೇಲೆ ಹೋಗುವುದೋ? ಒಂದು ತಿಂಗಳು ಮುಂಚೆಯೇ ಹೋಗಿ ಕೂತು, ಡಾಕ್ಟರು ಹೇಳಿದ ತಾರೀಖೂ ಹತ್ತು ದಿನ ಮುಂದೆ ಹೋಯಿತು ಅನ್ನಿ. ಮಗು ಕೈಗೆ ಬರುವ ಹೊತ್ತಿಗೆ ನಿಮ್ಮ ನಲವತ್ತು ದಿನ ಕರಗಿಹೋಗಿರುತ್ತದೆ! ನನ್ನ ಮಾತು ಕೇಳಿದರೆ, ಹೇಳಿದ ತಾರೀಖಿಗೆ ಹತ್ತು ಹನ್ನೆರಡು ದಿನ ಮುಂಚೆ ಅಲ್ಲಿರಿ. ನಿಮಗೂ ಹೊಸ ಒಲೆ, ಹೊಸ ಹಾಸಿಗೆ ಅಭ್ಯಾಸವಾಗಲು ಅಷ್ಟು ಸಮಯ ಬೇಕು. ಕರ್ನಾಟಕದಿಂದ ನೇರ ವಿಮಾನವಿಲ್ಲ. ನಡುವೆ ಒಂದು ಕಡೆಯಾದರೂ ಇಳಿದು ಹತ್ತಬೇಕು. ಕಾಲು ಊದಿಕೊಂಡೇ ತಲುಪುತ್ತೀರಿ.

ವೀಸಾಕ್ಕೆ ಪ್ರಯಾಣದ ವೈದ್ಯಕೀಯ ವಿಮೆ ಕಡ್ಡಾಯ. ಕನಿಷ್ಠ 30,000 ಯೂರೋ ಮೊತ್ತದ್ದು. ಆದರೆ ಇದು ತಟ್ಟನೆ ಬಂದ ಕಾಯಿಲೆಗೆ ಇರುವಂಥದ್ದು. ಹಳೆಯ ಬಿಪಿ, ಸಕ್ಕರೆ ಕಾಯಿಲೆಯನ್ನು ಅನೇಕ ಪಾಲಿಸಿಗಳು ಹೊರಗಿಡುತ್ತವೆ. ಕೊಳ್ಳುವಾಗಲೇ ಓದಿಸಿ ನೋಡಿ. ನಿಮ್ಮ ಮಾತ್ರೆಗಳನ್ನು ಪೂರ್ತಿ ಅವಧಿಗೆ ಆಗುವಷ್ಟು, ಡಾಕ್ಟರ ಚೀಟಿಯ ಸಮೇತ ಕೈಚೀಲದಲ್ಲೇ ಇಟ್ಟುಕೊಳ್ಳಿ. ಚೀಟಿಯಲ್ಲಿ ಕಂಪೆನಿಯ ಹೆಸರಷ್ಟೇ ಅಲ್ಲ, ಔಷಧಿಯ ಮೂಲ ಹೆಸರೂ ಇರಲಿ.

ಇನ್ನು ಮಗಳನ್ನು ಫೋನಿನಲ್ಲಿ ಕೇಳಬೇಕಾದ ಒಂದು ಪ್ರಶ್ನೆ. “ಊಟ ಆಯ್ತಾ?” ಅಲ್ಲ! ಅವಳೋ ಅಳಿಯನೋ ಅಲ್ಲಿಯ ಸಾಮಾಜಿಕ ವಿಮೆ ಕಟ್ಟುತ್ತಿದ್ದಾರೆಯೇ, ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಹಕ್ಕಿದೆಯೆಂಬ ಕಾಗದ ಕೈಯಲ್ಲಿದೆಯೇ ಎಂದು. ದೊಡ್ಡ ಸರಕಾರಿ ಆಸ್ಪತ್ರೆ ಮ್ಸೀದಾದಲ್ಲಿರುವ ಮಾತೆರ್ ದೇಯಿ, 2007ರಲ್ಲಿ ತೆರೆದದ್ದು. ಹಕ್ಕಿಲ್ಲದ ಪರದೇಶದವರಿಗೆ ಅಲ್ಲಿ ಬಿಲ್ ಬರುತ್ತದೆ, ಸಣ್ಣ ಬಿಲ್ಲಲ್ಲ. ಏಳನೆಯ ತಿಂಗಳಲ್ಲೇ ಇದನ್ನು ಇತ್ಯರ್ಥ ಮಾಡಿಕೊಂಡರೆ ಒಳ್ಳೆಯದು. ತುರ್ತಿಗೆ ಕರೆಯುವ ನಂಬರ್ 112.

ಪೆಟ್ಟಿಗೆಯಲ್ಲಿ ಏನಿರಬೇಕು, ಏನಿರಬಾರದು

ಇಲ್ಲೇ ನಮ್ಮ ಅಮ್ಮಂದಿರು ಎಡವುವುದು. ಬಾಣಂತಿಗೆಂದು ಅಂಟಿನುಂಡೆ ಕಟ್ಟಿ, ಎರಡು ಕಿಲೋ ತುಪ್ಪ ಕಾಯಿಸಿ, ಒಂದು ಕಟ್ಟು ಕರಿಬೇವು ಒದ್ದೆ ಬಟ್ಟೆಯಲ್ಲಿ ಸುತ್ತಿ ಹೊರಟುಬಿಡುತ್ತಾರೆ. ಐರೋಪ್ಯ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವಂತಿಲ್ಲ. ತುಪ್ಪವೂ ಹಾಲಿನದೇ ತಾನೆ? ಪೇಡ, ಖೋವಾ ಕೂಡ ಅಷ್ಟೇ. ಹಸಿ ಸೊಪ್ಪು, ಗಿಡ, ತರಕಾರಿ, ಹಣ್ಣಿಗೆ ಸಸ್ಯರೋಗವಿಲ್ಲವೆಂಬ ಸರ್ಟಿಫಿಕೇಟ್ ಬೇಕು. ಹಾಗಾಗಿ ಕರಿಬೇವಿನ ಆಸೆ ಬಿಡಿ. ತಮಾಷೆ ಏನೆಂದರೆ, ಆ ನಿಯಮದಿಂದ ಬಿಡುಗಡೆ ಪಡೆದ ಹಣ್ಣುಗಳು ಐದೇ ಐದು: ಅನಾನಸ್, ಬಾಳೆ, ಖರ್ಜೂರ, ಡ್ಯೂರಿಯನ್ ಮತ್ತು ನಮ್ಮ ತೆಂಗಿನಕಾಯಿ!

ತುಪ್ಪಕ್ಕೆ ಚಿಂತೆ ಬೇಡ. ಅಲ್ಲಿಯ ಅಂಗಡಿಯಲ್ಲಿ ಉಪ್ಪಿಲ್ಲದ ಬೆಣ್ಣೆ ಕೇಳಿ ತಂದು ಸಣ್ಣ ಉರಿಯಲ್ಲಿ ಕಾಯಿಸಿ. ಘಮಘಮ ತುಪ್ಪ ಮನೆಯಲ್ಲೇ ಆಯಿತು. ಅಂಟಿನುಂಡೆಯನ್ನೂ ಅಲ್ಲೇ ಕಟ್ಟಿ. ಅಂಟು, ಒಣಕೊಬ್ಬರಿ, ಗಸಗಸೆಗಿಂತ ಮುಖ್ಯವಾದ ಬೆಲ್ಲ, ಓಮ, ಒಣಶುಂಠಿ, ಹಿಪ್ಪಲಿ ಇವನ್ನು ಊರಿನಿಂದ ಒಯ್ದರೆ ಸಾಕು. ಗಸಗಸೆ ಮಾತ್ರ ಬಿಟ್ಟೇ ಹೊರಡಿ. ದಾರಿಯಲ್ಲಿ ಕೊಲ್ಲಿಯ ಕೆಲವು ದೇಶಗಳಲ್ಲಿ ಅದು ನಿಷಿದ್ಧ, ಜೈಲಿಗೂ ದಾರಿ. ಪುಡಿಗಳನ್ನು ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಬೇಡಿ. ಅಂಗಡಿಯ ಮುಚ್ಚಿದ ಪೊಟ್ಟಣ, ಮೇಲೆ ಇಂಗ್ಲಿಷಿನಲ್ಲಿ ಹೆಸರು, ಹೀಗಿದ್ದರೆ ಯಾರಾದರೂ ಬಿಚ್ಚಿ ನೋಡಿದರೂ ಗಾಬರಿಯಿಲ್ಲ.

ಮಿಕ್ಸಿ ಒಯ್ಯುತ್ತೀರಾ? ಕರೆಂಟು ನಮ್ಮಂತೆಯೇ 230 ವೋಲ್ಟ್, ಆದರೆ ಪ್ಲಗ್ಗಿನ ಪಿನ್ನುಗಳು ಚಪ್ಪಟೆ ಚೌಕದವು, ಬ್ರಿಟಿಷರ ಮಾದರಿ. ನಮ್ಮ ಗುಂಡು ಪಿನ್ನು ಹೋಗದು. ಅಡಾಪ್ಟರ್ ಕೊಂಡುಕೊಳ್ಳಿ. ಬ್ಲೇಡನ್ನು ದೊಡ್ಡ ಪೆಟ್ಟಿಗೆಯಲ್ಲೇ ಹಾಕಬೇಕು, ಕೈಚೀಲದಲ್ಲಲ್ಲ. ಒಲೆ ಯಾವುದೆಂದು ಮಗಳನ್ನು ಕೇಳಿ. ಇಂಡಕ್ಷನ್ ಒಲೆಯಾದರೆ ನಿಮ್ಮ ಅಲ್ಯುಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯೇ ಆಗುವುದಿಲ್ಲ.

ಅಂಗಡಿ, ಅಡುಗೆ

ಅಕ್ಕಿ, ಬೇಳೆ, ಮಸಾಲೆಗೆ ನಮ್ಮ ಕಡೆಯವರ ಅಂಗಡಿಗಳಿವೆ. ಅಲ್ಲಿ ಸಿಗುವ ಬೇಳೆಗೆ ಜಾಗ ವ್ಯರ್ಥ ಮಾಡದೆ ಹುಣಸೆಹಣ್ಣು, ಸಾರಿನ ಪುಡಿ, ಇಂಗು ಒಯ್ಯಿರಿ. ರವೆಗೆ ಅವರು ‘ಸ್ಮೀದ್’ ಅನ್ನುತ್ತಾರೆ. ಗಟ್ಟಿ ಗೋಧಿಯದ್ದು, ಕೊಂಚ ಹಳದಿ. ಉಪ್ಪಿಟ್ಟು ಮಾಡುವಾಗ ಚೆನ್ನಾಗಿ ಹುರಿದು, ಒಂದು ಲೋಟಕ್ಕೆ ಮೂರು ಲೋಟ ನೀರಿಟ್ಟು ಸಾವಕಾಶ ಬೇಯಿಸಿ. ನಮ್ಮ ಬನ್ಸಿ ರವೆಯ ಅಣ್ಣ ಅಂದುಕೊಳ್ಳಿ. ಗುಂಡನೆಯ ತಿಳಿಹಸಿರು ಎಳೆಗಾಯಿ ಒಂದು ಸಿಗುತ್ತದೆ, ಸೋರೆಯ ಹಾಗೆ ಹುಳಿಗೂ ಪಲ್ಯಕ್ಕೂ ಒದಗುತ್ತದೆ. ಸಿಹಿಗುಂಬಳ, ಬದನೆ, ಎಲೆಕೋಸು ಎಲ್ಲ ಇವೆ. ಪಾಪಸುಕಳ್ಳಿ ಹಣ್ಣನ್ನೂ ಸಿಪ್ಪೆ ತೆಗೆದು ಅಕ್ಕರೆಯಿಂದ ತಿನ್ನುತ್ತಾರೆ. ಒಣ ಕಾಳನ್ನು ಮೆತ್ತಗೆ ಬೇಯಿಸಿ ಬೆಳ್ಳುಳ್ಳಿ, ಮೆಣಸಿನಕಾಯಿ, ಆಲಿವ್ ಎಣ್ಣೆ ಹಾಕಿ ಅರೆದ ‘ಬಿಗಿಲ್ಲ’ ಎಂಬ ಚಟ್ನಿ ಇದೆ, ಚಪಾತಿಗೂ ಆದೀತು.

ಸಸ್ಯಾಹಾರಿಗಳು ನಾಲ್ಕು ಮಾತು ನೆನಪಿಡಿ: ‘ಲಹಮ್’ ಅಂದರೆ ಮಾಂಸ, ‘ತಿಜೀಜ್’ ಕೋಳಿ, ‘ಹೂತ್’ ಮೀನು, ‘ಫೆನೆಕ್’ ಮೊಲ. ಮೊಲದ ಅಡುಗೆ ಅವರ ಹೆಮ್ಮೆಯ ಅಡುಗೆ. ತರಕಾರಿ ಸೂಪಿಗೂ ಮಾಂಸದ ರಸ ಹಾಕಿರಬಹುದು, ಕೇಳಿಯೇ ತಿನ್ನಿ. ಎಣ್ಣೆ ಸವರಿ ಟೊಮೆಟೊ ಉಜ್ಜಿದ ಬ್ರೆಡ್ಡು ರುಚಿಯಾದದ್ದೇ, ಆದರೆ ಒಳಗೆ ಟ್ಯೂನ ಮೀನು ಅಡಗಿರುತ್ತದೆ.

ಹಾಲಿನ ವಿಷಯ ಒಂದು ಹೇಳಬೇಕು. ‘ಮಾಲ್ಟಾ ಜ್ವರ’ ಎಂಬ ಕಾಯಿಲೆಯ ಹೆಸರು ಕೇಳಿದ್ದೀರಾ? ಬ್ರುಸೆಲ್ಲೋಸಿಸ್ ಎಂಬುದೂ ಅದೇ. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ ಅಲ್ಲಿಯೇ ಅದರ ರೋಗಾಣುವನ್ನು ಕಂಡುಹಿಡಿದ. 1905ರಲ್ಲಿ ಮಾಲ್ಟಾದವರೇ ಆದ ಡಾ. ತೆಮಿಸ್ತೋಕ್ಲೆಸ್ ಝಮ್ಮಿತ್ ಅದು ಆಡಿನಲ್ಲಿದೆಯೆಂದು ತೋರಿಸಿದರು. ಆಗೆಲ್ಲ ಆಡುಗಳನ್ನು ಬಾಗಿಲಿಗೆ ಹೊಡೆದುಕೊಂಡು ಬಂದು ಕಣ್ಣೆದುರೇ ಕರೆದುಕೊಡುತ್ತಿದ್ದರು. ಹಸಿ ಹಾಲು ಕುಡಿದವರು ಜ್ವರ ಬಂದು ಮಲಗುತ್ತಿದ್ದರು. ಈಗ ಅಂಗಡಿಯಲ್ಲಿ ಬರುವುದು ಪಾಶ್ಚರೀಕರಿಸಿದ ಹಾಲು, ಭಯವಿಲ್ಲ. ಆದರೆ ‘ಜ್‌ಬೇನಾ’ ಎಂಬ ಪುಟ್ಟ ಗಿಣ್ಣಿನಂಥ ಚೀಸನ್ನು ಯಾರಾದರೂ ಮನೆಯಲ್ಲಿ ಮಾಡಿದ್ದೆಂದು ಕೊಟ್ಟರೆ, ಯಾವ ಹಾಲಿನದೆಂದು ವಿಚಾರಿಸದೆ ಬಸುರಿ ಬಾಣಂತಿಗೆ ಕೊಡಬೇಡಿ.

ಮನೆ, ನೀರು, ಹವೆ

ಮಾಲ್ಟಾದಲ್ಲಿ ತುಂಬಿ ಹರಿಯುವ ನದಿಯೇ ಇಲ್ಲ. ಕುಡಿಯುವ ನೀರಿನ ಅರ್ಧಕ್ಕಿಂತ ಹೆಚ್ಚು ಪಾಲು ಸಮುದ್ರದ ನೀರನ್ನು ಶುದ್ಧಮಾಡಿದ್ದು. ನಲ್ಲಿಯ ನೀರು ಕುಡಿಯಲು ಅಡ್ಡಿಯಿಲ್ಲ, ರುಚಿ ಮಾತ್ರ ಕೊಂಚ ಉಪ್ಪುಪ್ಪು. ಕಾಫಿ ಕೆಟ್ಟೀತು. ಅದಕ್ಕೇ ಬಹಳ ಮಂದಿ ಬಾಟಲಿ ನೀರು ಕೊಳ್ಳುತ್ತಾರೆ. 2022ರ ನವೆಂಬರಿನಿಂದ ಪ್ರತಿ ಬಾಟಲಿಗೆ 10 ಸೆಂಟು ಠೇವಣಿ. ಖಾಲಿ ಬಾಟಲಿಯನ್ನು ಜಜ್ಜದೆ ಯಂತ್ರಕ್ಕೆ ಹಾಕಿದರೆ ವಾಪಸು. ಬಾಣಂತಿಯ ನೀರು ಮಾತ್ರ ನಮ್ಮೂರ ಹಂಡೆಯಂತಲ್ಲ. ಗೀಸರಿನಲ್ಲಿ ಇರುವಷ್ಟೇ ಬಿಸಿನೀರು, ಆಮೇಲೆ ಕಾಯಬೇಕು. ಕೆಂಡ ಹಾಕಿ ಸಾಂಬ್ರಾಣಿ ಹೊಗೆ ಕೊಡುವ ಯೋಚನೆ ಖಂಡಿತ ಬೇಡ. ಹಸುಗೂಸಿನ ಉಸಿರಿಗೂ ಒಳ್ಳೆಯದಲ್ಲ, ಮುಚ್ಚಿದ ಫ್ಲಾಟಿಗೂ ಅಲ್ಲ. ಮಗುವಿನ ನಾಲಿಗೆಗೆ ಜೇನು ಸವರುವುದನ್ನೂ ಒಂದು ವರ್ಷದವರೆಗೆ ಬಿಡಿ.

ಜುಲೈ, ಆಗಸ್ಟಿನಲ್ಲಿ ಬಿಸಿಲು ರಾಯಚೂರನ್ನು ನೆನಪಿಸುತ್ತದೆ. ಚಳಿಗಾಲದಲ್ಲಿ ಥರ್ಮಾಮೀಟರ್ ಅಷ್ಟೇನೂ ಇಳಿಯದು, ಆದರೂ ಸುಣ್ಣಕಲ್ಲಿನ ಮನೆಗಳು ಥಂಡಿ ಹೀರಿ ಕೂತಿರುತ್ತವೆ, ಗೋಡೆಗೆ ಬೂಷ್ಟು. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಬಾಣಂತನವಾದರೆ ಉಣ್ಣೆಯ ಕಾಲುಚೀಲ, ಸ್ವೆಟರ್, ಕುಲಾವಿ ಧಾರಾಳವಾಗಿರಲಿ. ಬಿಸಿಲು ಬಂದ ಹೊತ್ತು ಕಿಟಕಿ ತೆರೆದಿಡಿ. ತೇವದ ಆಗ್ನೇಯ ಗಾಳಿ ಬೀಸಿದ ದಿನ ಮಗುವಿನ ಬಟ್ಟೆ ಒಣಗುವುದಿಲ್ಲ. ಆಫ್ರಿಕದ ಕೆಂಧೂಳೂ ಕೂರುತ್ತದೆ.

ಬಾಡಿಗೆ ಮನೆಯ ಕರೆಂಟು ಬಿಲ್ಲನ್ನು ನೀವೇ ಒಮ್ಮೆ ನೋಡಿ. ಮನೆಯಲ್ಲಿ ಇಷ್ಟು ಜನ ವಾಸವಿದ್ದಾರೆಂದು ನಮೂದಾಗಿದ್ದರೆ ದರ ಕಡಿಮೆ, ಇಲ್ಲದಿದ್ದರೆ ಹೆಚ್ಚು. ಮನೆಯೊಡೆಯರು ಆ ಅರ್ಜಿಗೆ ಸಹಿ ಹಾಕದೆ ಮುಂದೂಡುತ್ತ ಬಂದರೆ ನಷ್ಟ ನಿಮ್ಮ ಮಗಳಿಗೆ. 2020ರಿಂದ ಬಾಡಿಗೆ ಕರಾರು ನೋಂದಣಿಯಾಗಬೇಕೆಂಬ ಕಾನೂನೂ ಇದೆ.

ಹೊರಗೆ ಹೊರಟಾಗ

ಇಂಗ್ಲಿಷ್ ಅಲ್ಲಿ ಎರಡನೆಯ ಅಧಿಕೃತ ಭಾಷೆ, ಹರುಕುಮುರುಕಾದರೂ ನಡೆಯುತ್ತದೆ. ಮಾಲ್ಟೀಸ್ ಅರಬ್ಬಿಯ ಸೋದರಿ, ಬರೆಯುವುದು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ. ಬೋರ್ಡು ಓದುವಾಗ ಎಕ್ಸ್ ಕಂಡರೆ ‘ಶ’ ಅನ್ನಿ, ಜೆ ಕಂಡರೆ ‘ಯ’. ಕ್ಯೂ ಅಕ್ಷರವನ್ನು ಗಂಟಲಲ್ಲೇ ನುಂಗಿಬಿಡಿ. ಬಸ್ ನಿಲ್ದಾಣದಲ್ಲಿ ಕೈ ತೋರದಿದ್ದರೆ ಬಸ್ಸು ಮುಂದೆ ಹೋದೀತು. 2022ರ ಅಕ್ಟೋಬರಿನಿಂದ ಅಲ್ಲಿ ನೆಲೆಸಿರುವವರಿಗೆ ಕಾರ್ಡ್ ಇದ್ದರೆ ಬಸ್ಸು ಪುಕ್ಕಟೆ, ಮಗಳಿಗೆ, ನಿಮಗಲ್ಲ. ನಿಮ್ಮ ಟಿಕೆಟ್ ಎರಡು ಗಂಟೆ ನಡೆಯುತ್ತದೆ, ಎಸೆಯಬೇಡಿ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಸಣ್ಣ ಅಂಗಡಿಗಳು ಬಾಗಿಲು ಹಾಕಿ ನಿದ್ದೆ ಮಾಡುತ್ತವೆ. ಆಗಸ್ಟ್ 15 ಅಲ್ಲಿಯೂ ರಜೆ, ಆದರೆ ಮೇರಿಮಾತೆಯ ಹಬ್ಬಕ್ಕೆ. ಬೇಸಿಗೆಯುದ್ದಕ್ಕೂ ಊರೂರ ಹಬ್ಬದ ಪಟಾಕಿ ಢಮಾರ್ ಎನ್ನುತ್ತಿರುತ್ತದೆ. ಕೂಸು ಬೆಚ್ಚಿ ಬಿದ್ದೀತು, ದೃಷ್ಟಿ ಎಂದುಕೊಳ್ಳಬೇಡಿ. ದೃಷ್ಟಿಯ ನಂಬಿಕೆ ಅವರಲ್ಲೂ ಇದೆ ಅನ್ನಿ. ಮೀನುದೋಣಿಯ ಮೂತಿಗೆ ಎರಡು ಕಣ್ಣು ಬರೆದಿರುತ್ತಾರೆ!

ಇನ್ನೊಂದು ಕಾಗದದ ಕೆಲಸ. ಅಲ್ಲಿ ಹುಟ್ಟಿತೆಂದ ಮಾತ್ರಕ್ಕೆ ಮಗು ಮಾಲ್ಟಾದ ಪ್ರಜೆಯಾಗುವುದಿಲ್ಲ. ಹುಟ್ಟಿದ ಒಂದು ವರ್ಷದೊಳಗೆ ಭಾರತದ ಹೈಕಮಿಷನ್‌ನಲ್ಲಿ ನೋಂದಾಯಿಸಬೇಕು. ಕಚೇರಿ ಅಲ್ಲಿಯೇ ಇದೆ. ನೀವಿರುವಾಗಲೇ ಜ್ಞಾಪಿಸಿ ಮಾಡಿಸಿಬಿಡಿ. ಆಮೇಲೆ ನಿದ್ದೆಗೆಟ್ಟ ಅಪ್ಪ ಅಮ್ಮನಿಗೆ ತಾರೀಖು ನೆನಪಿರದು.

ಅಲ್ಲಿ ಹೆರಿಗೆ ರಜೆ 18 ವಾರ. ಅದರಲ್ಲಿ ಕೆಲವು ವಾರ ಹೆರಿಗೆಗೆ ಮುಂಚೆಯೇ ಹೋಗುವುದುಂಟು. ತಂದೆತಾಯಿ ಇಬ್ಬರೂ ದುಡಿಯುತ್ತಿದ್ದು ಸಾಮಾಜಿಕ ವಿಮೆ ಕಟ್ಟುತ್ತಿದ್ದರೆ ಮೂರು ತಿಂಗಳು ತುಂಬಿದ ಮಗುವನ್ನು ಶಿಶುವಿಹಾರಕ್ಕೆ ಬಿಡಲು ಸರಕಾರದ ಉಚಿತ ಯೋಜನೆ 2014ರಿಂದ ಇದೆ. ಹತ್ತಿರದ ವಿಹಾರದಲ್ಲಿ ಜಾಗ ಇದೆಯೇ ಎಂದು ಮೊದಲೇ ವಿಚಾರಿಸಿಡಿ. ಹೇಗೇ ಲೆಕ್ಕ ಹಾಕಿದರೂ ನಿಮ್ಮ 90 ದಿನ ಮುಗಿದ ಮೇಲೆ ಮಗಳು ಒಂದಷ್ಟು ದಿನ ಒಂಟಿಯಾಗಿ ತೂಗಬೇಕಾಗುತ್ತದೆ. ಅಳಿಯನನ್ನು ದೂರ ಕೂರಿಸಬೇಡಿ. “ಗಂಡಸಿಗೇನು ಗೊತ್ತು” ಅನ್ನದೆ ಎರಡನೆಯ ತಿಂಗಳಿನಿಂದಲೇ ಪಕ್ಕದಲ್ಲಿ ಕೂರಿಸಿಕೊಂಡು, ಮೊಣಕೈಯಲ್ಲಿ ನೀರಿನ ಬಿಸಿ ನೋಡುವುದು, ಕಾಲಮೇಲೆ ಮಗುವನ್ನು ಮಲಗಿಸಿಕೊಂಡು ಕತ್ತು ಹಿಡಿದು ನೀರು ಹಾಕುವುದು, ಕಿವಿಯ ಹಿಂದೆ ಒರೆಸುವುದು, ಎಲ್ಲವನ್ನೂ ಅವನ ಕೈಯಿಂದಲೇ ಮಾಡಿಸಿ. ಮೊದಲ ನಾಲ್ಕು ದಿನ ಅವನ ಕೈ ನಡುಗುತ್ತದೆ. ಐದನೆಯ ದಿನ ನೀವು ಅಡುಗೆಮನೆಯಲ್ಲೇ ಇರಿ.