ಗಾಜಿನೊಳಗಿನ ‘1848’: ಹಳೆಯ ಇಂಗ್ಲಿಷ್ ಪೇಪರ್‌ವೆಯ್ಟುಗಳ ಕರ್ತೃನಿರ್ಣಯ

ಕಾಗದ ಹಾರದಂತೆ ಮೇಜಿನ ಮೇಲಿಡುವ ಗಾಜಿನ ಗುಂಡಿಗೂ ಇತಿಹಾಸದ ವಿದ್ಯಾರ್ಥಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಆದರೆ ಹಳೆಯ ಇಂಗ್ಲಿಷ್ ಪೇಪರ್‌ವೆಯ್ಟೊಂದನ್ನು ಮಾಡಿದವರಾರೆಂದು ವಿಚಾರಿಸಹೊರಟರೆ, ತಾಮ್ರಶಾಸನಗಳ ಮುಂದೆ ನಾವು ಕೇಳುವ ಪ್ರಶ್ನೆಯೇ ಇಲ್ಲಿಯೂ ಎದುರಾಗುತ್ತದೆ: ಅದರಲ್ಲಿ ನಮೂದಾಗಿರುವ ಕಾಲವು ಅದು ಹುಟ್ಟಿದ ಕಾಲವೇ?

ನಾವಿಲ್ಲಿ ವಿಚಾರಿಸುವುದು ‘ಸಾವಿರ ಹೂ’ ಎಂಬ ಅರ್ಥದ ‘ಮಿಲ್ಲೆಫಿಯೊರಿ’ ಎಂಬ ಇಟಾಲಿಯನ್ ಹೆಸರಿನ ಗುಂಡುಗಳನ್ನು. ಬಣ್ಣದ ಗಾಜನ್ನು ಅಚ್ಚಿನಲ್ಲಿ ಒತ್ತಿ, ಪದರದ ಮೇಲೆ ಪದರ ಹೊದಿಸಿ, ಮೆತುವಾಗಿರುವಾಗಲೇ ಎಳೆದು ಕಡ್ಡಿಯಾಗಿಸುವರು. ತಣಿದ ಮೇಲೆ ಅದನ್ನು ಬಿಲ್ಲೆಗಳಾಗಿ ತುಂಡರಿಸಿ, ವರ್ತುಲಾಕಾರವಾಗಿ ಜೋಡಿಸಿ, ಮೇಲೆ ನಿರ್ವರ್ಣವಾದ ಗಾಜಿನ ಗುಮ್ಮಟವನ್ನು ಕೂಡಿಸುವರು. ಕಡ್ಡಿಯನ್ನು ಎಷ್ಟು ಎಳೆದರೂ ಅದರೊಳಗಿನ ಆಕೃತಿಯು ಅಳಿಯದೆ ಕಿರಿದಾಗುತ್ತ ಹೋಗುವುದರಿಂದ, ಅಕ್ಷರಗಳನ್ನೂ ಅಂಕಿಗಳನ್ನೂ ಹೀಗೆ ಹುದುಗಿಸಬಹುದು.

ಫ್ರಾನ್ಸಿನ ಬಾಕರಾ ಕಾರ್ಖಾನೆಯವರು ‘ಬಿ’ ಅಕ್ಷರವನ್ನೂ ವರ್ಷವನ್ನೂ ಹುದುಗಿಸಿದುದುಂಟು. ಇಂಗ್ಲಿಷರಲ್ಲಿ ಈ ಅಭ್ಯಾಸವು ವಿರಳ. ಬರ್ಮಿಂಗ್‌ಹ್ಯಾಮಿನ ಇಸ್ಲಿಂಗ್ಟನ್ ಕಾರ್ಖಾನೆಯ ‘ಐ.ಜಿ.ಡಬ್ಲ್ಯು.’ ಎಂಬ ಗುರುತು ಕೆಲವೇ ಗುಂಡುಗಳಲ್ಲಿದೆ. ಅದೇ ಊರಿನ ಜಾರ್ಜ್ ಬ್ಯಾಕಸ್ ಕಂಪನಿಯವರು 1849ರ ಸ್ಥಳೀಯ ವಸ್ತುಪ್ರದರ್ಶನದಲ್ಲಿ ಪೇಪರ್‌ವೆಯ್ಟುಗಳನ್ನು ಇರಿಸಿದ್ದರೂ ಅವುಗಳಲ್ಲಿ ಹೆಸರನ್ನು ಹುದುಗಿಸುತ್ತಿರಲಿಲ್ಲ. ವೇಕ್‌ಫೀಲ್ಡಿನ ಕಿಲ್ನರನ ಹಸುರು ಸೀಸೆಗಾಜಿನ ಗುಂಡುಗಳಲ್ಲಿ ಕೆಲವಕ್ಕೆ ತಳದಲ್ಲಿ ಹೆಸರಿನ ಮುದ್ರೆಯಿದೆ. ಅವು ಬೇರೆಯೇ ಜಾತಿ.

ಹೀಗಿರಲು, ‘1848’ ಎಂಬ ಅಂಕಿಗಳುಳ್ಳ ಗುಂಡುಗಳೂ ಮಸಿಕುಡಿಕೆಗಳೂ ಸಂಗ್ರಹಕಾರರಿಗೆ ವರವಾಗಿ ತೋರಿದುದು ಸಹಜ. ಲಂಡನ್ನಿನ ವೈಟ್‌ಫ್ರಯರ್ಸ್ ಕಾರ್ಖಾನೆಯನ್ನು ಜೇಮ್ಸ್ ಪೊವೆಲ್ 1834ರಲ್ಲಿ ಕೊಂಡಿದ್ದನು. ಇವೆಲ್ಲ ಅಲ್ಲಿಯವೇ ಎಂದು ಬಹುಕಾಲ ನಂಬಲಾಗಿತ್ತು. ಒಬ್ಬರು ಬರೆದುದನ್ನು ಮತ್ತೊಬ್ಬರು ನಕಲು ಮಾಡಿದರು. ನಮ್ಮಲ್ಲಿಯೂ ಅಪರಿಚಿತವಲ್ಲದ ರೋಗವಿದು. ಬಿಲ್ಲೆಗಳನ್ನು ಒಂದೊಂದಾಗಿ ಹೋಲಿಸಿ ನೋಡಿದ ಮೇಲೆ, ಇಂತಹ ಅನೇಕ ವಸ್ತುಗಳು ಬರ್ಮಿಂಗ್‌ಹ್ಯಾಮಿನ ಆರ್ಕ್ಯುಲಸ್ ಮತ್ತು ವಾಲ್ಷ್ ವಾಲ್ಷ್ ಕಾರ್ಖಾನೆಗಳಲ್ಲಿ 20ನೆಯ ಶತಮಾನದ ಮೊದಲರ್ಧದಲ್ಲಿ ತಯಾರಾದುವೆಂದು ಗೊತ್ತಾಯಿತು. ವಾಲ್ಷ್ ವಾಲ್ಷ್ ಕಾರ್ಖಾನೆಯು 1951ರಲ್ಲಿ ಮುಚ್ಚಿತು. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟರು ಕೂಟಶಾಸನಗಳೆಂದು ತಳ್ಳಿದುದು ಇಲ್ಲಿ ನೆನಪಿಗೆ ಬರುತ್ತದೆ. ಆದರೆ ಗಾಜಿನವರಲ್ಲಿ ವಂಚನೆಯ ಉದ್ದೇಶವಿತ್ತೆಂದು ನಾವು ಹೇಳಲಾರೆವು.

ಹಾಗಾದರೆ ಯಾವುದನ್ನು ನಂಬತಕ್ಕದ್ದು? ನಮ್ಮ ಮತದಲ್ಲಿ ಬಿಲ್ಲೆಯೇ ಮುಖ್ಯ ಸಾಕ್ಷಿ. ಅಚ್ಚಿನ ಹಲ್ಲುಗಳ ಸಂಖ್ಯೆ, ಬಣ್ಣಗಳ ಕ್ರಮ, ಅಂಚಿನ ಮಡಿಕೆ ಇವು ಕರ್ತೃವು ಖಚಿತವಾಗಿರುವ ಗುಂಡಿನೊಡನೆ ಕೂಡಿಬರಬೇಕು. ಒಂದೇ ಬಿಲ್ಲೆಯ ಸಾಮ್ಯ ಸಾಲದು. ತೂಕವೂ ನೆರವಾಗುತ್ತದೆ. ಗುಂಡನ್ನು ಗಾಳಿಯಲ್ಲೊಮ್ಮೆ, ನೀರಿನಲ್ಲಿ ಮುಳುಗಿಸಿ ಒಮ್ಮೆ ತೂಗಿದರೆ ಸಾಂದ್ರತೆ ತಿಳಿಯುವುದು. ಸಾಧಾರಣ ಸೋಡಾ ಗಾಜು ಸುಮಾರು 2.5 ಬಂದರೆ, ಸೀಸ ಹೆಚ್ಚಾಗಿರುವ ಗಾಜು 3ನ್ನು ಮೀರುವುದು. ಇದನ್ನು ಯಾವ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಾದರೂ ಮಾಡಬಹುದು. ಆದರೆ ಬಾಕರಾದವರೂ ಸೀಸದ ಗಾಜನ್ನೇ ಬಳಸಿದುದರಿಂದ, ಈ ಅಂಕಿಯು ಕೆಲವರನ್ನು ಕೈಬಿಡಿಸುವುದೇ ಹೊರತು ಒಬ್ಬರನ್ನು ಹಿಡಿದುಕೊಡುವುದಿಲ್ಲ.

ಮಸಿಕುಡಿಕೆಗೆ ಬೆಳ್ಳಿಯ ಕಟ್ಟಿದ್ದರೆ ಅದರ ಮುದ್ರೆಯನ್ನು ತಪ್ಪದೆ ಓದಬೇಕು. ಲಂಗರು ಬರ್ಮಿಂಗ್‌ಹ್ಯಾಮಿನ ಚಿಹ್ನೆ. ಜೊತೆಗಿರುವ ಅಕ್ಷರವು ವರ್ಷವನ್ನು ಸೂಚಿಸುವುದು. ಕಟ್ಟನ್ನು ಆಮೇಲೆ ಹಾಕಿಸಿರಲೂಬಹುದಷ್ಟೆ.

ವೈಟ್‌ಫ್ರಯರ್ಸ್‌ನವರು 1953ರಲ್ಲಿ ರಾಣಿಯ ಪಟ್ಟಾಭಿಷೇಕಕ್ಕಾಗಿ ಮಾಡಿದ ಗುಂಡುಗಳಲ್ಲಿ ವರ್ಷವಿದೆ. 1970ರ ದಶಕದವುಗಳಲ್ಲಿ ಬಿಳಿಯ ನಿಲುವಂಗಿಯ ಸನ್ಯಾಸಿಯೊಬ್ಬನ ಪುಟ್ಟ ಬಿಲ್ಲೆಯೂ ಇದೆ. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಇಂತಹ ಗುರುತಿಲ್ಲದೆ ಬರಿಯ ‘1848’ ಕಂಡಾಗ, ‘ಬಹುಶಃ ಬರ್ಮಿಂಗ್‌ಹ್ಯಾಮ್, 20ನೆಯ ಶತಮಾನ’ ಎಂದು ಚೀಟಿ ಬರೆದು, ಬಿಲ್ಲೆಗಳ ಹೋಲಿಕೆ ಮುಗಿಯುವವರೆಗೆ ಕಾಯುವುದು ಯುಕ್ತವೆಂದು ನಾವು ಭಾವಿಸುತ್ತೇವೆ.