ಕೀಲುಬೇನೆಗಳ ಹೆಸರುಗಳು: ಒಂದು ಶಬ್ದವಿಚಾರ

ಬೆಂಗಳೂರಿನ ದಕ್ಷಿಣದಲ್ಲಿ, ಈಗ ನಗರದೊಡನೆ ಬೆರೆತುಹೋಗಿರುವ ಸುಬ್ರಹ್ಮಣ್ಯಪುರದಲ್ಲಾಗಲಿ, ದೂರದ ಹಳ್ಳಿಯಲ್ಲಾಗಲಿ, ಮಂಡಿನೋವಿನಿಂದ ನರಳುವ ವೃದ್ಧರನ್ನು ವಿಚಾರಿಸಿದರೆ ‘ವಾಯು ಹಿಡಿದಿದೆ’ ಎಂದೋ ‘ಸಂಧಿವಾತ’ ಎಂದೋ ಹೇಳುವುದುಂಟು. ಈ ಒಂದೇ ಮಾತಿನೊಳಗೆ ಪರಸ್ಪರ ಭಿನ್ನವಾದ ಹಲವು ರೋಗಗಳು ಅಡಗಿರುತ್ತವೆ. ಹೆಸರು ಸಡಿಲವಾದಲ್ಲಿ ಚಿಕಿತ್ಸೆಯೂ ದಾರಿ ತಪ್ಪಬಹುದಾದುದರಿಂದ, ಈ ಪದಗಳ ವಿಚಾರವು ಭಾಷಾಭ್ಯಾಸಿಗಳಿಗೂ ಉಚಿತವಾದುದೇ ಆಗಿದೆ.

‘ಸಂಧಿ’ಯು ವೈಯಾಕರಣರಿಗೆ ವರ್ಣಗಳ ಕೂಡಿಕೆ, ವೈದ್ಯರಿಗೆ ಎಲುಬುಗಳ ಕೂಡಿಕೆ. ಜನರ ಮಾತಿನಲ್ಲಿ ಇದು ‘ಕೀಲು’. ಕೀಲುಗೊಂಬೆ, ಕೀಲುಕುದುರೆ ಎಂಬಲ್ಲಿರುವ ಪದವೇ ಇದು. ಗ್ರೀಕಿನಲ್ಲಿ ಇದಕ್ಕೆ ‘ಆರ್ಥ್ರಾನ್’ ಎಂದು ಹೆಸರು. ‘ಆರ್ಥ್ರೈಟಿಸ್’ ಎಂಬಲ್ಲಿಯ ಪ್ರತ್ಯಯವು ಮೂಲದಲ್ಲಿ ‘ಸಂಬಂಧಪಟ್ಟ’ ಎಂಬಷ್ಟನ್ನೇ ಹೇಳುತ್ತಿತ್ತು. ‘ರೋಗ’ ಎಂಬ ವಿಶೇಷ್ಯವು ಅಧ್ಯಾಹಾರವಾಗಿತ್ತು. ‘ಉರಿಯೂತ’ವೆಂಬ ಅರ್ಥವು ಅದಕ್ಕೆ ಅನಂತರ ರೂಢಿಯಿಂದ ಬಂದುದು.

‘ಉರಿಯೂತ’ವು ಉರಿ, ಊತ ಎಂಬೆರಡು ಪದಗಳು ಯಕಾರಾಗಮದಿಂದ ಕೂಡಿದ ರೂಪ. ಒಂದನೆಯ ಶತಮಾನದ ರೋಮಿನ ಸೆಲ್ಸಸನು ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳನ್ನು ಹೇಳಿದ್ದಾನೆ. ಅವುಗಳಲ್ಲಿ ಎರಡನ್ನು ನಮ್ಮ ಪದವು ಹಿಡಿದಿದೆ. ‘ಬಾವು’ ಊತವನ್ನು ಮಾತ್ರ ಸೂಚಿಸುತ್ತದೆ. ‘ಸೋಂಕು’ ಇವೆರಡರಿಂದಲೂ ಬೇರೆ: ಉರಿಯೂತವು ದೇಹದ ಪ್ರತಿಕ್ರಿಯೆ, ಸೋಂಕು ಅದರ ಕಾರಣಗಳಲ್ಲಿ ಒಂದು.

ಚರಕಸಂಹಿತೆಯು ಸಂಧಿಗತವಾತವನ್ನು ವಾತವ್ಯಾಧಿಗಳಲ್ಲಿ ಸೇರಿಸಿ, ವಾತರಕ್ತಕ್ಕೆ ಪ್ರತ್ಯೇಕ ಅಧ್ಯಾಯವನ್ನು ಮೀಸಲಿಟ್ಟಿದೆ. ಆಮವಾತವನ್ನು ಮಾಧವನಿದಾನವು ಪ್ರತ್ಯೇಕವಾಗಿ ನಿರೂಪಿಸುತ್ತದೆ. ಈಗಿನವರು ಇವುಗಳನ್ನು ಕ್ರಮವಾಗಿ ಆಸ್ಟಿಯೋಆರ್ಥ್ರೈಟಿಸ್, ಗೌಟ್, ರುಮಟಾಯ್ಡ್ ಆರ್ಥ್ರೈಟಿಸ್ ಎಂಬುವುಗಳಿಗೆ ಹೊಂದಿಸುವುದುಂಟು. ಆದರೆ ಹಳೆಯ ಹೆಸರುಗಳು ದೋಷಗಳನ್ನೂ, ಈಗಿನ ನಿರ್ಣಯವು ಅಂಗಾಂಶಗಳನ್ನೂ ಕಾರಣಗಳನ್ನೂ ಅನುಸರಿಸುವುದರಿಂದ ಈ ಸಾಮ್ಯವು ಪೂರ್ಣವಲ್ಲ. ಪಾಶ್ಚಾತ್ಯರ ಹೆಸರುಗಳಾದರೂ ಹಳೆಯ ನಂಬಿಕೆಯಿಂದ ಮುಕ್ತವಾಗಿಲ್ಲ. ‘ಗೌಟ್’ ಲ್ಯಾಟಿನಿನ ‘ಹನಿ’ಯಿಂದ, ‘ರುಮಟಿಸಂ’ ಗ್ರೀಕಿನ ‘ಹರಿವು’ ಎಂಬುದರಿಂದ ಬಂದಿವೆ. ದೇಹದ ರಸವು ಕೀಲಿಗೆ ಇಳಿಯುವುದೆಂಬುದು ಆಗಿನ ಭಾವನೆ. ಗೌಟ್ ಯೂರಿಕ್ ಆಮ್ಲದ ಹರಳುಗಳಿಂದ ಉಂಟಾಗುವುದು. ರುಮಟಾಯ್ಡ್ ಎಂಬುದರಲ್ಲಿ ದೇಹದ ರಕ್ಷಣಾಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುವುದು. ಎರಡನೆಯದಕ್ಕೆ ಆ ಹೆಸರನ್ನು 1859ರಲ್ಲಿ ಸೂಚಿಸಿದವನು ಆಲ್ಫ್ರೆಡ್ ಗ್ಯಾರಡ್. ಎರಡರ ಚಿಕಿತ್ಸೆಯೂ ಬಹುಮಟ್ಟಿಗೆ ಬೇರೆಬೇರೆಯಾಗಿರುವುದರಿಂದ ಎರಡನ್ನೂ ‘ಸಂಧಿವಾತ’ವೆಂದು ಬರೆಯುವುದು ಯುಕ್ತವಲ್ಲ.

ಹೆಸರಿನ ಪ್ರಭಾವಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವುಂಟು. 2006ರಲ್ಲಿ ಕರ್ನಾಟಕದಲ್ಲಿ ಲಕ್ಷಾಂತರ ಜನರ ಕೀಲುಗಳನ್ನು ಹಿಡಿದ ಚಿಕುನ್‌ಗುನ್ಯವನ್ನು ಅನೇಕರು ‘ಚಿಕನ್ ಗುನ್ಯ’ವೆಂದು ಉಚ್ಚರಿಸಿ, ಕೋಳಿಮಾಂಸದಿಂದ ಬರುವುದೆಂದು ಭಯಪಟ್ಟರು. ಅದು ಪೂರ್ವ ಆಫ್ರಿಕದ ಮಕೊಂಡೆ ಭಾಷೆಯ ಪದ. ನೋವಿನಿಂದ ರೋಗಿಯು ಬಾಗುವುದನ್ನು ಸೂಚಿಸುತ್ತದೆ. ರೋಗವನ್ನು ಹರಡುವುದು ಸೊಳ್ಳೆ. ಪದದ ಅರ್ಥವು ತಿಳಿಯದೆ ಹೋದುದರಿಂದ, ಸೊಳ್ಳೆಯ ಮೇಲಿರಬೇಕಾದ ಎಚ್ಚರವು ಕೋಳಿಯ ಕಡೆಗೆ ತಿರುಗಿತು.

ಆದುದರಿಂದ ಲಕ್ಷಣಮಾತ್ರಕ್ಕೆ ‘ಕೀಲುನೋವು’ ಎಂದೂ, ಉರಿಯೂತವಿದ್ದಲ್ಲಿ ಲೋಪಸಂಧಿಯಿಂದ ಸಿದ್ಧವಾಗುವ ‘ಕೀಲುರಿಯೂತ’ ಎಂದೂ ಬಳಸಿ, ವಿಶೇಷರೋಗಕ್ಕೆ ಅದರದೇ ಹೆಸರನ್ನು ಉಳಿಸಿಕೊಳ್ಳುವುದು ಲೇಸೆಂದು ತೋರುತ್ತದೆ. ‘ಸಂಧಿವಾತ’ವು ಆಯುರ್ವೇದದ ಸಂದರ್ಭದಲ್ಲಿ ತನ್ನ ಅರ್ಥದೊಡನೆ ನಿಲ್ಲಲಿ. ಪಾಠಗಳಲ್ಲಿ ಈ ಭೇದವನ್ನು ಉಪಾಧ್ಯಾಯರು ತೋರಿಸಿಕೊಟ್ಟರೆ, ವೈದ್ಯರ ಮುಂದೆ ಕುಳಿತ ರೋಗಿಗೂ ತನ್ನ ನೋವನ್ನು ಸರಿಯಾಗಿ ಹೇಳಿಕೊಳ್ಳುವ ಮಾತು ದೊರೆಯುವುದು.